ಚುನಾವಣಾ ಪ್ರಚಾರದ ಅರ್ಧಸತ್ಯ: ಮಾಧ್ಯಮಗಳ ಪರಿಶೀಲನೆ ಮತ್ತು ಪಂಚಾಯಿತಿ ಸದಸ್ಯರ ಹೊಣೆ

ಚುನಾವಣೆ ಘೋಷಣೆಯಾದ ದಿನದಿಂದ ಮತದಾನದ ಮುನ್ನಾದಿನದವರೆಗೆ ಗ್ರಾಮದ ಪ್ರತಿ ಮನೆಗೂ ಕರಪತ್ರ, ಪತ್ರಿಕಾ ಜಾಹೀರಾತು, ಧ್ವನಿವರ್ಧಕದ ಘೋಷಣೆ, ಮೊಬೈಲ್‌ನ ವಿಡಿಯೋ ತುಣುಕು ಒಂದರ ಹಿಂದೊಂದು ಬಂದು ತಲುಪುತ್ತವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂಬ ಸಂಶಯ ಹುಟ್ಟಿದಾಗ ಗ್ರಾಮಸ್ಥರು ಮೊದಲು ಕೇಳುವುದು ತಮ್ಮ ವಾರ್ಡಿನ ಸದಸ್ಯರನ್ನೇ. ಆದ್ದರಿಂದ ದಿಕ್ಕು ತಪ್ಪಿಸುವ ಪ್ರಚಾರದ ಸ್ವರೂಪವೇನು, ಕಾನೂನು ಅದನ್ನು ಎಲ್ಲಿಯವರೆಗೆ ತಡೆಯುತ್ತದೆ, ಮಾಧ್ಯಮಗಳು ಅದನ್ನು ಹೇಗೆ ಎದುರಿಸುತ್ತವೆ ಎಂಬುದನ್ನು ಸದಸ್ಯರು ಅರಿತಿರುವುದು ಅವಶ್ಯಕವಾಗಿದೆ.

ದಿಕ್ಕು ತಪ್ಪಿಸುವುದು ಹೇಗೆ?

ಪೂರ್ಣ ಸುಳ್ಳನ್ನು ಗುರುತಿಸುವುದು ಸುಲಭ. ಕಷ್ಟವಿರುವುದು ಅರ್ಧಸತ್ಯದಲ್ಲಿ. ಮನೆ ಮನೆಗೆ ನಲ್ಲಿ ನೀರು ಒದಗಿಸುವ ಜಲ ಜೀವನ್ ಮಿಷನ್ ಯೋಜನೆಯನ್ನೇ ತೆಗೆದುಕೊಳ್ಳಬಹುದು. ಕರ್ನಾಟಕದಂತಹ ರಾಜ್ಯಗಳಲ್ಲಿ ಇದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 50:50ರ ಅನುಪಾತದಲ್ಲಿ ಭರಿಸುತ್ತವೆ. ಹೀಗಿರುವಾಗ ‘ನಿಮ್ಮ ಮನೆಗೆ ನೀರು ಕೊಟ್ಟವರು ನಾವೇ’ ಎಂದು ಯಾವುದೇ ಒಂದು ಪಕ್ಷದವರು ಹೇಳಿದರೂ ಅದು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಉಳಿದರ್ಧವನ್ನು ಮುಚ್ಚಿಟ್ಟಿರುವುದೇ ಅದರ ದೋಷ.

ಎರಡನೆಯ ವಿಧಾನ ಅಂಕಿಗಳ ಬಳಕೆ. ಒಂದು ಬೀದಿಯಲ್ಲಿ ಎರಡು ದೀಪಗಳಿದ್ದು, ಅವು ನಾಲ್ಕಾದರೆ ಶೇ. 100ರಷ್ಟು ಹೆಚ್ಚಳ. ಇನ್ನೊಂದು ಬೀದಿಯಲ್ಲಿ ನಲವತ್ತು ದೀಪಗಳು ಐವತ್ತಾದರೆ ಶೇ. 25ರಷ್ಟು ಮಾತ್ರ. ಎಷ್ಟರಿಂದ ಎಷ್ಟಕ್ಕೆ ಎಂದು ತಿಳಿಸದೆ ಶೇಕಡಾವಾರು ಪ್ರಮಾಣವನ್ನಷ್ಟೇ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದಾಗ ಎರಡು ದೀಪ ಹಾಕಿದ ಕೆಲಸವೇ ಹತ್ತು ದೀಪ ಹಾಕಿದ ಕೆಲಸಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೂರನೆಯದು ಹಳೆಯ ಛಾಯಾಚಿತ್ರವನ್ನು ಹೊಸದೆಂದು ತೋರಿಸುವುದು, ಭಾಷಣದ ನಡುವಿನ ಒಂದು ವಾಕ್ಯವನ್ನು ಮಾತ್ರ ಕತ್ತರಿಸಿ ಹರಡುವುದು ಅಥವಾ ಕೃತಕ ಬುದ್ಧಿಮತ್ತೆಯಿಂದ ಆಡದ ಮಾತನ್ನು ಆಡಿದಂತೆ ಸೃಷ್ಟಿಸುವುದು.

ಕಾನೂನಿನ ವ್ಯಾಪ್ತಿ

ಪ್ರಜಾ ಪ್ರಾತಿನಿಧ್ಯ ಕಾಯ್ದೆ, 1951ರ ಕಲಂ 127-ಎ ಅನ್ವಯ ಲೋಕಸಭೆ ಮತ್ತು ವಿಧಾನಸಭಾ ಚುನಾವಣೆಗಳ ಪ್ರತಿಯೊಂದು ಕರಪತ್ರ ಹಾಗೂ ಭಿತ್ತಿಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕು. ಉಲ್ಲಂಘನೆಗೆ ಆರು ತಿಂಗಳವರೆಗಿನ ಕಾರಾಗೃಹ ವಾಸ ಅಥವಾ 2,000 ರೂ.ವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯ ಅಥವಾ ನಡತೆಯ ಬಗ್ಗೆ ಸುಳ್ಳೆಂದು ತಿಳಿದೂ ಹೇಳಿಕೆ ಪ್ರಕಟಿಸುವುದು ಇದೇ ಕಾಯ್ದೆಯ ಕಲಂ 123(4)ರಡಿ ಭ್ರಷ್ಟ ಆಚರಣೆಯಾಗುತ್ತದೆ. ಚುನಾವಣೆಗೆ ಸಂಬಂಧಿಸಿದ ಇಂತಹ ಸುಳ್ಳು ಹೇಳಿಕೆಯು ಭಾರತೀಯ ನ್ಯಾಯ ಸಂಹಿತೆಯ ಕಲಂ 175ರಡಿ ದಂಡನೀಯವೂ ಹೌದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಎರಡೂ ಕಲಂಗಳು ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯ, ನಡತೆಗಳಿಗೆ ಸೀಮಿತವಾಗಿವೆ. ಯೋಜನೆ, ಅನುದಾನ, ಅಂಕಿಅಂಶಗಳ ಕುರಿತ ಅರ್ಧಸತ್ಯ ಇವುಗಳ ವ್ಯಾಪ್ತಿಗೆ ಬರುವುದಿಲ್ಲ. ಸಾಬೂನಿನ ಜಾಹೀರಾತು ದಾರಿ ತಪ್ಪಿಸಿದರೆ ಭಾರತೀಯ ಜಾಹೀರಾತು ಮಾನದಂಡ ಮಂಡಳಿಗೆ ದೂರು ನೀಡಬಹುದು. ರಾಜಕೀಯ ಜಾಹೀರಾತು ಆ ಮಂಡಳಿಯ ವ್ಯಾಪ್ತಿಯಲ್ಲಿಲ್ಲ.

ಸುಪ್ರೀಂ ಕೋರ್ಟಿನ 2004ರ ಏಪ್ರಿಲ್ 13ರ ಆದೇಶದ ನಂತರ ದೂರದರ್ಶನ ವಾಹಿನಿ ಹಾಗೂ ಕೇಬಲ್ ಜಾಲಗಳಲ್ಲಿ ಪ್ರಸಾರವಾಗುವ ರಾಜಕೀಯ ಜಾಹೀರಾತುಗಳಿಗೆ ಪೂರ್ವ ಪ್ರಮಾಣೀಕರಣ ಕಡ್ಡಾಯವಾಗಿದೆ. ಜಿಲ್ಲಾ ಮಟ್ಟದಲ್ಲಿ ಈ ಕಾರ್ಯ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಯದು. ಪತ್ರಿಕಾ ಜಾಹೀರಾತುಗಳಿಗೆ ಸಾಮಾನ್ಯ ದಿನಗಳಲ್ಲಿ ಈ ನಿಯಮವಿಲ್ಲ. ಆದರೆ 2023ರ ಮೇ 10ರಂದು ನಡೆದ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಮತದಾನದ ದಿನ ಹಾಗೂ ಅದರ ಹಿಂದಿನ ದಿನ ಪೂರ್ವ ಪ್ರಮಾಣೀಕರಣವಿಲ್ಲದೆ ಪತ್ರಿಕೆಗಳಲ್ಲಿ ರಾಜಕೀಯ ಜಾಹೀರಾತು ಪ್ರಕಟಿಸುವಂತಿಲ್ಲವೆಂದು ಭಾರತ ಚುನಾವಣಾ ಆಯೋಗ ಸೂಚಿಸಿತು. ಕೊನೆಯ ಗಳಿಗೆಯಲ್ಲಿ ಬರುವ ಆರೋಪಕ್ಕೆ ಸ್ಪಷ್ಟನೆ ನೀಡಲು ಬಾಧಿತರಿಗೆ ಅವಕಾಶವೇ ಉಳಿಯುವುದಿಲ್ಲ ಎಂಬುದು ಅದರ ಹಿಂದಿನ ಕಾರಣ.

ಮಾಧ್ಯಮಗಳ ಪರಿಶೀಲನೆ: ಅಮೆರಿಕದ ಪಾಠ

ಕಾನೂನು ತಲುಪದ ಕಡೆ ಪರಿಶೀಲನೆಯ ಹೊಣೆ ಮಾಧ್ಯಮಗಳ ಮೇಲೆ ಬೀಳುತ್ತದೆ. ಈ ಪ್ರಯತ್ನದ ದೀರ್ಘ ಅನುಭವವಿರುವುದು ಅಮೆರಿಕಕ್ಕೆ. ಅಲ್ಲಿ ಅಭ್ಯರ್ಥಿಯ ಜಾಹೀರಾತನ್ನು ಪ್ರಸಾರ ಕೇಂದ್ರಗಳು ತಿದ್ದುವುದಕ್ಕಾಗಲಿ ಕತ್ತರಿಸುವುದಕ್ಕಾಗಲಿ ಸಂಯುಕ್ತ ಸರ್ಕಾರದ ಕಾನೂನು ಅವಕಾಶ ನೀಡುವುದಿಲ್ಲ. 1988ರ ಅಧ್ಯಕ್ಷೀಯ ಚುನಾವಣೆಯ ಜಾಹೀರಾತುಗಳು ತೀವ್ರ ಟೀಕೆಗೆ ಗುರಿಯಾದ ಬಳಿಕ ಅಲ್ಲಿನ ಪತ್ರಿಕೆಗಳು, ವಾಹಿನಿಗಳು ಪ್ರತಿ ಜಾಹೀರಾತಿನ ಹೇಳಿಕೆಯನ್ನು ದಾಖಲೆಯೊಡನೆ ಹೋಲಿಸಿ ‘ಆ್ಯಡ್ ವಾಚ್’ ಎಂಬ ಹೆಸರಿನಲ್ಲಿ ಪ್ರಕಟಿಸತೊಡಗಿದವು.

ಉದ್ದೇಶ ಒಳ್ಳೆಯದಿದ್ದರೂ ಫಲಿತಾಂಶ ನಿರೀಕ್ಷಿಸಿದಂತಿರಲಿಲ್ಲ. ಸ್ಟೀಫನ್ ಆನ್ಸೊಲಾಬೆಹೆರೆ ಮತ್ತು ಶಾಂತೋ ಅಯ್ಯಂಗಾರ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂತಹ ಪರಿಶೀಲನಾ ವರದಿಗಳನ್ನು ನೋಡಿದ ಪ್ರೇಕ್ಷಕರಲ್ಲಿ ಜಾಹೀರಾತು ನೀಡಿದ ಅಭ್ಯರ್ಥಿಯ ಪರವಾದ ಒಲವೇ ಹೆಚ್ಚಿದ್ದು ಕಂಡುಬಂದಿತು. ತಪ್ಪನ್ನು ತೋರಿಸುವ ಸಲುವಾಗಿ ಜಾಹೀರಾತನ್ನೇ ಮತ್ತೊಮ್ಮೆ ತೋರಿಸಿದರೆ ಅದಕ್ಕೆ ಪುಕ್ಕಟೆ ಪ್ರಚಾರ ದೊರೆತಂತಾಗುತ್ತದೆ. ಚಿತ್ರ ನೆನಪಿನಲ್ಲಿ ಉಳಿಯುತ್ತದೆ, ವಿವರಣೆ ಮರೆತುಹೋಗುತ್ತದೆ. ಜಾಹೀರಾತನ್ನು ಪರದೆಯ ತುಂಬ ತೋರಿಸದೆ, ಚಿಕ್ಕ ಚೌಕಟ್ಟಿನೊಳಗಿಟ್ಟು, ಅದರ ಮೇಲೆಯೇ ತಿದ್ದುಪಡಿಯನ್ನು ಬರೆದು ತೋರಿಸಬೇಕೆಂದು ಸಂವಹನ ತಜ್ಞೆ ಕ್ಯಾಥ್ಲೀನ್ ಹಾಲ್ ಜೇಮಿಸನ್ ಸಲಹೆ ನೀಡಿದರು.

ಈ ಪಾಠವನ್ನು ಎಲ್ಲರೂ ಕಲಿಯಲಿಲ್ಲ. 2004ರ ಆಗಸ್ಟ್‌ನಲ್ಲಿ ಅಧ್ಯಕ್ಷೀಯ ಅಭ್ಯರ್ಥಿ ಜಾನ್ ಕೆರಿಯವರ ವಿಯೆಟ್ನಾಂ ಯುದ್ಧಕಾಲದ ಸೇವೆಯನ್ನು ಪ್ರಶ್ನಿಸುವ ಜಾಹೀರಾತೊಂದನ್ನು ಒಂದು ಗುಂಪು ಕೇವಲ ಮೂರು ರಾಜ್ಯಗಳಲ್ಲಿ ಹಣ ಕೊಟ್ಟು ಪ್ರಸಾರ ಮಾಡಿಸಿತು. ಸುದ್ದಿವಾಹಿನಿಗಳು ಅದನ್ನೇ ಚರ್ಚೆಗೆ ಎತ್ತಿಕೊಂಡು ಪದೇ ಪದೇ ತೋರಿಸಿದ್ದರಿಂದ ಅದು ದೇಶದ ಮೂಲೆ ಮೂಲೆಗೆ ತಲುಪಿತು. ಆ ಆರೋಪಗಳು ನೌಕಾಪಡೆಯ ದಾಖಲೆಗಳಿಗೆ ವಿರುದ್ಧವಾಗಿವೆ ಎಂದು ಪ್ರಮುಖ ಪತ್ರಿಕೆಗಳು ವರದಿ ಮಾಡಿದವು. ಆದರೆ ಅಭ್ಯರ್ಥಿಯೇ ನೇರವಾಗಿ ಉತ್ತರ ನೀಡುವ ವೇಳೆಗೆ ಎರಡು ವಾರ ಕಳೆದಿತ್ತು.

ಭಾರತದ ಸ್ಥಿತಿ

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಜಾಹೀರಾತನ್ನು ಪರಿಶೀಲಿಸಬೇಕಾದ ಪತ್ರಿಕೆಯ ಆದಾಯವೂ ಜಾಹೀರಾತಿನಿಂದಲೇ ಬರುತ್ತದೆ. ಇದರ ಅತಿರೇಕವೇ ‘ಕಾಸಿಗಾಗಿ ಸುದ್ದಿ’, ಅಂದರೆ ಹಣ ಪಡೆದ ಪ್ರಚಾರವನ್ನು ವರದಿಯ ರೂಪದಲ್ಲಿ ಮುದ್ರಿಸುವುದು. ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ಈ ಕುರಿತು ವರದಿ ನೀಡಿತು. ಕಾಸಿಗಾಗಿ ಸುದ್ದಿಯ ವೆಚ್ಚವನ್ನು ಚುನಾವಣಾ ಲೆಕ್ಕದಲ್ಲಿ ತೋರಿಸದಿದ್ದುದಕ್ಕಾಗಿ ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಶಾಸಕರನ್ನು ಚುನಾವಣಾ ಆಯೋಗ 2011ರ ಅಕ್ಟೋಬರ್‌ನಲ್ಲಿ ಮೂರು ವರ್ಷಗಳ ಅವಧಿಗೆ ಅನರ್ಹಗೊಳಿಸಿತು.

2024ರ ಲೋಕಸಭಾ ಚುನಾವಣೆಯ ಸಂದರ್ಭದಲ್ಲಿ ಆಯೋಗವೇ ವದಂತಿಗಳಿಗೆ ಉತ್ತರ ನೀಡುವ ‘ಮಿಥ್ಯೆ ಮತ್ತು ವಾಸ್ತವ’ ದಾಖಲೆಯನ್ನು ಅಂತರ್ಜಾಲದಲ್ಲಿ ತೆರೆಯಿತು. ಡೀಪ್‌ಫೇಕ್ ತುಣುಕುಗಳು ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತಮ್ಮ ಖಾತೆಗಳಿಂದ ತೆಗೆದುಹಾಕುವಂತೆ ಅದೇ ವರ್ಷದ ಮೇ 6ರಂದು ಪಕ್ಷಗಳಿಗೆ ಸೂಚಿಸಿತು. ಆದರೆ ಆ ಮೂರು ಗಂಟೆಯಲ್ಲಿ ಗ್ರಾಮದ ವಾಟ್ಸ್ಆ್ಯಪ್ ಗುಂಪುಗಳನ್ನು ಸೇರಿದ ತುಣುಕನ್ನು ಹಿಂದಕ್ಕೆ ಕರೆಯಲು ಯಾವ ಆಯೋಗದಿಂದಲೂ ಆಗದು.

ಸದಸ್ಯರು ಮಾಡಬಹುದಾದದ್ದು

1. ಕರಪತ್ರ ಕೈಗೆ ಬಂದೊಡನೆ ಮುದ್ರಕರ ಮತ್ತು ಪ್ರಕಾಶಕರ ಹೆಸರನ್ನು ನೋಡಬೇಕು. ಇಲ್ಲದಿದ್ದಲ್ಲಿ ಅದನ್ನು ಚುನಾವಣಾ ಅಧಿಕಾರಿಗಳ ಗಮನಕ್ಕೆ ತರಬೇಕು. ಲೋಕಸಭೆ ಮತ್ತು ವಿಧಾನಸಭಾ ಚುನಾವಣೆಗಳಲ್ಲಿ ಸಿ-ವಿಜಿಲ್ ಆ್ಯಪ್ ಮತ್ತು 1950 ಸಹಾಯವಾಣಿಯನ್ನು ಬಳಸಬಹುದು. ಪಕ್ಷರಹಿತವಾಗಿ ನಡೆಯುವ ಗ್ರಾಮ ಪಂಚಾಯಿತಿ ಚುನಾವಣೆಗೆ ರಾಜ್ಯ ಚುನಾವಣಾ ಆಯೋಗದ ನೀತಿ ಸಂಹಿತೆ ಅನ್ವಯವಾಗುತ್ತದೆ.

2. ಗ್ರಾಮದ ಕಾಮಗಾರಿಯ ಬಗ್ಗೆ ವಿವಾದ ಎದ್ದಾಗ ಕ್ರಿಯಾ ಯೋಜನೆ, ಮಂಜೂರಾತಿ ಆದೇಶ, ಅಳತೆ ಪುಸ್ತಕಗಳನ್ನು ಆಧರಿಸಿ ಮಾತನಾಡಬೇಕು. ಯಾವ ಲೆಕ್ಕಶೀರ್ಷಿಕೆಯಿಂದ ಎಷ್ಟು ಹಣ ಬಂದಿದೆ ಎಂಬುದು ಅಲ್ಲಿಯೇ ಇರುತ್ತದೆ. ರಾಜಧಾನಿಯ ಯಾವ ಪತ್ರಿಕೆಗೂ ಸುಲಭವಾಗಿ ಸಿಗದ ಪುರಾವೆ ಇದು.

3. ಸ್ಪಷ್ಟನೆ ನೀಡುವಾಗ ನಿಜವನ್ನು ಮೊದಲು ಹೇಳಬೇಕು. ‘ರಸ್ತೆಗೆ ಬಂದ ಹಣ ಇಷ್ಟು, ಖರ್ಚಾದದ್ದು ಇಷ್ಟು’ ಎಂದು ಆರಂಭಿಸಬೇಕೇ ಹೊರತು ಆರೋಪವನ್ನು ಪೂರ್ತಿಯಾಗಿ ಓದಿ ಹೇಳಿ ಅನಂತರ ‘ಇದು ಸುಳ್ಳು’ ಎನ್ನಬಾರದು.

4. ‘ಇದು ನಿಜವೇ?’ ಎಂದು ಕೇಳುವ ಸಲುವಾಗಿಯೂ ಸಂಶಯಾಸ್ಪದ ತುಣುಕನ್ನು ಗುಂಪಿಗೆ ರವಾನಿಸಬಾರದು. ಸದಸ್ಯರ ಮೊಬೈಲ್‌ನಿಂದ ಹೊರಟ ಸಂದೇಶಕ್ಕೆ ಗ್ರಾಮದಲ್ಲಿ ಪಂಚಾಯಿತಿಯ ಮುದ್ರೆ ಬಿದ್ದಷ್ಟೇ ಬೆಲೆ ಇರುತ್ತದೆ.

5. ನೀತಿ ಸಂಹಿತೆ ಜಾರಿಯಲ್ಲಿರುವಾಗ ಪಂಚಾಯಿತಿಯ ಹಣದಿಂದ ಸಾಧನೆಯ ಪ್ರಚಾರ ಮಾಡುವಂತಿಲ್ಲ ಎಂಬುದನ್ನು ನೆನಪಿಡಬೇಕು.

ಈ ಎಲ್ಲಕ್ಕಿಂತ ಕಠಿಣವಾದದ್ದು ಒಂದೇ ಅಳತೆಗೋಲನ್ನು ಎಲ್ಲರಿಗೂ ಬಳಸುವುದು. ಸದಸ್ಯರಿಗೆ ತಮ್ಮದೇ ಆದ ರಾಜಕೀಯ ಒಲವಿರುವುದು ಸಹಜ. ಎದುರಾಳಿಯ ಅರ್ಧಸತ್ಯವನ್ನು ದಾಖಲೆ ಹಿಡಿದು ಬಯಲಿಗೆಳೆದ ಸದಸ್ಯರು ತಮ್ಮ ಕಡೆಯವರ ಅರ್ಧಸತ್ಯದ ಎದುರು ಮೌನವಹಿಸಿದರೆ, ಮುಂದೆ ಅವರು ತೋರಿಸುವ ನಿಜವಾದ ದಾಖಲೆಯನ್ನೂ ಗ್ರಾಮಸ್ಥರು ಪ್ರಚಾರದ ಕರಪತ್ರವೆಂದೇ ಎಣಿಸುತ್ತಾರೆ. ಚುನಾವಣೆ ಮುಗಿದ ಮೇಲೂ ಅದೇ ಸದಸ್ಯರು ಗ್ರಾಮ ಸಭೆಯಲ್ಲಿ ಅದೇ ಜನರ ಮುಂದೆ ಕುಳಿತು ಲೆಕ್ಕ ಓದಬೇಕಾಗಿರುತ್ತದೆ. ಆ ಲೆಕ್ಕವನ್ನು ಜನರು ನಂಬುವಂತಿರಬೇಕಾದರೆ, ಮತದಾನದ ಮುನ್ನಾದಿನ ಬಂದು ವಿಚಾರಿಸಿದ ಮತದಾರನಿಗೆ ನೀಡುವ ಉತ್ತರವೂ ಅಷ್ಟೇ ನಿಖರವಾಗಿರಬೇಕು.