ಬುಧವಾರ ಸಂಜೆ, ಬಸವನಗುಡಿಯಲ್ಲಿ ವಿಜ್ಞಾನ

ಬೆಂಗಳೂರಿನ ಬಸವನಗುಡಿ, ನ್ಯಾಷನಲ್ ಕಾಲೇಜು. ಬುಧವಾರ ಸಂಜೆ ಇಲ್ಲಿ ವಿಜ್ಞಾನದ ಉಪನ್ಯಾಸ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು.

ನಡೆಸುವುದು ಬೆಂಗಳೂರು ವಿಜ್ಞಾನ ವೇದಿಕೆ. 1962ರಲ್ಲಿ ಅದನ್ನು ಕಟ್ಟಿದವರು ಎಚ್. ನರಸಿಂಹಯ್ಯ, ಶಿಷ್ಯರ ಬಾಯಲ್ಲಿ ಎಚ್‌ಎನ್. ಗೌರಿಬಿದನೂರು ಬಳಿಯ ಹೊಸೂರಿನ ಬಡ ಮನೆಯ ಹುಡುಗ ಅಮೆರಿಕದ ಓಹಿಯೋಗೆ ಹೋಗಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಮರಳಿದ್ದು ಇದೇ ನ್ಯಾಷನಲ್ ಕಾಲೇಜಿಗೆ, ಬದುಕಿದ್ದು ಹಾಸ್ಟೆಲ್ ಕೋಣೆಯಲ್ಲೇ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಕೊನೆಯವರೆಗೂ ಹೇಳಿದವರು. ಇಲ್ಲಿನ ಉಪನ್ಯಾಸದಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ವಿಜ್ಞಾನಿಯನ್ನು ಎದುರಿಗೇ ನೋಡಿ, ತನ್ನ ಅನುಮಾನ ಕೇಳುವುದಿದೆಯಲ್ಲ, ಅದನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು.

ಕೇಳಿದ್ದು ಸಾಲದು, ಒಳಹೊಕ್ಕು ನೋಡಬೇಕೆನ್ನುವ ಒಂಬತ್ತನೇ ತರಗತಿಯವರಿಗೆ ಇಸ್ರೋದ ‘ಯುವಿಕಾ’ ಇದೆ. 2019ರಲ್ಲಿ ಶುರುವಾದ, ಬೇಸಿಗೆಯ ಸುಮಾರು ಎರಡು ವಾರಗಳ ವಸತಿ ತರಬೇತಿ. ವಿಜ್ಞಾನಿಗಳ ಒಡನಾಟ, ಪ್ರಯೋಗಾಲಯಗಳ ಭೇಟಿ, ಕೈಯಾರೆ ಮಾಡುವ ಪ್ರಯೋಗ. ಪ್ರಯಾಣ, ಊಟ, ವಸತಿ ಎಲ್ಲವೂ ಇಸ್ರೋ ಖರ್ಚಿನಲ್ಲೇ.

ಆಯ್ಕೆಯಲ್ಲಿ ಎಂಟನೇ ತರಗತಿಯ ಅಂಕಗಳ ಜೊತೆ ಆನ್‌ಲೈನ್ ಕ್ವಿಜ್ ಕೂಡ ಲೆಕ್ಕಕ್ಕೆ ಬರುತ್ತದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಯ ಮಕ್ಕಳಿಗೆ ಹೆಚ್ಚಿನ ಆದ್ಯತೆ. ಹಾಗಾಗಿ ಹಳ್ಳಿ ಶಾಲೆಗಳ ಮೇಷ್ಟ್ರುಗಳು ಈ ಸುದ್ದಿಯನ್ನು ತರಗತಿಗೆ ಮುಟ್ಟಿಸಲೇಬೇಕು. ಅರ್ಜಿಯ ಪ್ರಕಟಣೆ ಇಸ್ರೋ ಜಾಲತಾಣದಲ್ಲಿ ಬರುತ್ತದೆ, ಸಾಮಾನ್ಯವಾಗಿ ಬೇಸಿಗೆ ರಜೆಗೆ ಮುಂಚಿನ ತಿಂಗಳುಗಳಲ್ಲಿ.