ಸುಗ್ಗಿಯ ನಡುವೆ ಬೈ ಎಲೆಕ್ಷನ್

ಡಿಸೆಂಬರಿನಲ್ಲಿ ಚನ್ನಗಿರಿ ಸೀಮೆಗೆ ಹೋದರೆ ಊರಿಗಿಂತ ಮೊದಲು ಸಿಗುವುದು ಅಡಿಕೆ ಬೇಯಿಸುವ ಹಂಡೆಯ ಹೊಗೆ. ಗ್ರಾಮ ಪಂಚಾಯ್ತಿಯ ತೆರವಾದ ಸ್ಥಾನಕ್ಕೆ ಮತ ಕೇಳುವವರು ಈ ದಿನಗಳಲ್ಲಿ ಮನೆಬಾಗಿಲಿಗೆ ಹೋಗಿ ಪ್ರಯೋಜನವಿಲ್ಲ. ಸುಲಿಯುವ ಶೆಡ್ಡಿಗೇ ಬರಬೇಕು. ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರು ತಲೆ ಎತ್ತದೆ, ‘ಆಯ್ತು ಬಿಡಣ್ಣ, ಹಾಕ್ತೀವಿ’ ಅನ್ನುತ್ತಾರೆ. ಎದುರಾಳಿಗೂ ಅದೇ ಮಾತು. ಹಸಿ ಅಡಿಕೆ ಸುಲಿದು ಕಪ್ಪಿಟ್ಟ ಆ ಬೆರಳುಗಳ ಮೇಲೆ ಮತದಾನಕ್ಕೆ ಹಚ್ಚುವ ಮೈಸೂರಿನ ಶಾಯಿ ಎದ್ದು ಕಾಣುವುದೂ ಕಷ್ಟ.

ಪಂಚಾಯ್ತಿ ಚುನಾವಣೆ ಚಳಿಗಾಲದಲ್ಲೇ ಆಗಬೇಕೆಂದೇನೂ ಇಲ್ಲ. 2015ರಲ್ಲಿ ಮೇ–ಜೂನ್‌ನಲ್ಲಿ ನಡೆದಿತ್ತು. 2020ರದ್ದು ಕೊರೊನಾದಿಂದಾಗಿ ಡಿಸೆಂಬರ್ 22 ಮತ್ತು 27ಕ್ಕೆ ಹೋಯಿತು. ಮರುವರ್ಷ 58 ನಗರ ಸ್ಥಳೀಯ ಸಂಸ್ಥೆಗಳ ಮತದಾನವೂ ಡಿಸೆಂಬರ್ 27ಕ್ಕೇ. ಮಳೆ ನಿಂತಿರುತ್ತದೆ, ಪಬ್ಲಿಕ್ ಪರೀಕ್ಷೆ ದೂರವಿರುವುದರಿಂದ ಶಾಲಾ ಕೊಠಡಿ ಸಿಗುತ್ತದೆ. ಕಚೇರಿಯ ಲೆಕ್ಕಕ್ಕೆ ಸರಿಯೇ. ಹೊಲದ ಲೆಕ್ಕ ಬೇರೆ.

ತುಂಗಭದ್ರೆ ದಂಡೆಯ ಹೊನ್ನಾಳಿಯಲ್ಲಿ ಭತ್ತದ ಗದ್ದೆಗೆ ಕಟಾವು ಯಂತ್ರ ಇಳಿದಿರುತ್ತದೆ, ಡಾಂಬರು ರಸ್ತೆಯ ಅರ್ಧ ಮೆಕ್ಕೆಜೋಳದ ಕಣ. ಪ್ರಚಾರದ ಆಟೊ ಉಳಿದರ್ಧದಲ್ಲಿ ಹೋಗಬೇಕು. ರೈತರು ಅಭ್ಯರ್ಥಿಯನ್ನು ಕೇಳುವುದು ಬೇಸಿಗೆ ಬೆಳೆಗೆ ಭದ್ರಾ ನಾಲೆ ನೀರು ಬಿಡ್ತಾರಾ ಅಂತ. ಅದು ಪಂಚಾಯ್ತಿ ಮೆಂಬರ್ ಕೈಲಿಲ್ಲ ಎಂದು ಇಬ್ಬರಿಗೂ ಗೊತ್ತು; ಆದರೂ ಕೇಳದೆ ಬಿಡುವುದಿಲ್ಲ, ಅಭ್ಯರ್ಥಿ ‘ನೋಡೋಣ’ ಅನ್ನದೆ ಹೋಗುವುದಿಲ್ಲ.

ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯ ತಾಂಡಾಗಳಲ್ಲಿ ಕಬ್ಬು ಕಡಿಯಲು ಹೋದವರ ಮನೆಗಳಿಗೆ ಬೀಗ. ಲಂಬಾಣಿಗರ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವುದು ಈ ತಾಲ್ಲೂಕಿನಲ್ಲೇ. ಫೆಬ್ರುವರಿಯ ಜಯಂತಿಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡಿಸೆಂಬರಿನ ಮತಕ್ಕೆ ಅಷ್ಟು ಸೆಳೆತವೆಲ್ಲಿ?

ಜಗಳೂರಿನದು ಇನ್ನೂ ಬಿಗಿ. ಮಳೆ ನೆಚ್ಚಿದ ಬೇಸಾಯ. ಬೆಳೆ ಕೈಕೊಟ್ಟ ವರ್ಷ ಕಾಫಿ ಹಣ್ಣು ಬಿಡಿಸಲು ಮಲೆನಾಡಿನ ಹಾದಿ ಹಿಡಿಯುತ್ತಾರೆ. ಕಾಯ್ದೆಯ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಇಷ್ಟು ಸಣ್ಣ ಕಣದಲ್ಲಿ ಹತ್ತು ಮನೆಗೆ ಬೀಗ ಬಿದ್ದರೂ ಫಲಿತಾಂಶ ಅತ್ತಿತ್ತ ಆಗಬಹುದು. ಪಕ್ಷದ ಚಿಹ್ನೆಯಂತೂ ಇಲ್ಲ. ಹಾಗಾಗಿ ಅಭ್ಯರ್ಥಿ ಕಡೆಯವರು ಮೊದಲು ಹುಡುಕುವುದು ಎಸ್ಟೇಟಿನ ಮೇಸ್ತ್ರಿಯ ಫೋನ್ ನಂಬರು. ಒಂದು ದಿನದ ಕೂಲಿ ಬಿಟ್ಟು ಬರುವವರಿಗೆ ಬಸ್ ಚಾರ್ಜು ಯಾರು ಕೊಡಬೇಕು ಎಂಬ ಮಾತು ಆ ಫೋನಿನಲ್ಲೇ ಶುರುವಾಗುತ್ತದೆ.