ಡಯಲು ಹೇಳದ್ದನ್ನು ಮಷೀನು ಹೇಳುತ್ತದೆ

ನಮ್ಮ ಕಡೆ ಹಳೆಯ ಮನೆಗಳಲ್ಲಿ ಟ್ರಂಕು ತೆರೆದರೆ ಚಾವಿ ಕೊಡುವ ವಾಚು ಒಂದಾದರೂ ಸಿಗುತ್ತದೆ. ನಿಂತುಹೋಗಿರುತ್ತದೆ, ಬೆಲ್ಟು ಹರಿದಿರುತ್ತದೆ, ಆದರೂ ಯಾರೂ ಎಸೆದಿರುವುದಿಲ್ಲ. ಕಳೆದ ಬೇಸಿಗೆ ರಜೆಯಿಂದ ನಾನು ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಇಂಥ ವಾಚುಗಳ ಒಳಗಿನ ಯಂತ್ರದ ಫೋಟೊ ತೆಗೆದು ವಿವರ ಬರೆದಿಡುತ್ತಿದ್ದೇನೆ. ಇದುವರೆಗೆ 19 ಆಗಿವೆ. ವಾಚು ಕೊಳ್ಳುವುದಿಲ್ಲ, ಅಷ್ಟು ಹಣವೂ ನನ್ನಲ್ಲಿಲ್ಲ. ನೋಡಿ, ಬರೆದು, ವಾಪಸ್ ಕೊಡುತ್ತೇನೆ. ಆ ಯಂತ್ರಕ್ಕೆ ರಿಪೇರಿಯವರು ‘ಮಷೀನು’ ಎನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಹೆಚ್ಚಿನವು ಎಚ್‌ಎಂಟಿ. ಅದು ನಮ್ಮ ರಾಜ್ಯದ್ದೇ ವಾಚು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಶುರುವಾಯಿತು, ಮುಂದೆ ತುಮಕೂರಿಗೂ ಬಂತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಜನತಾ, ಪೈಲಟ್ ಎಂದು ಹೆಸರು ಬೇರೆ ಬೇರೆ ಇದ್ದರೂ ಎರಡರಲ್ಲೂ ಕೂತಿದ್ದು 0231 ಎಂಬ ಒಂದೇ ಮಷೀನು. ಹಾಗಾಗಿ ಡಯಲು ಬದಲಿಸುವುದು ಕಷ್ಟವಲ್ಲ. ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು, ಸಿಕ್ಕ ಬಿಡಿಭಾಗ ಸೇರಿಸಿ ‘ಅಪರೂಪದ ವಾಚು’ ಎಂದು ಮಾರುವ ವ್ಯಾಪಾರವೇ ಇದೆ. ಡಯಲು ನೋಡಿ ಮಾತ್ರ ವಾಚಿನ ವಯಸ್ಸು ಹೇಳುವವರನ್ನು ನಾನು ನಂಬುವುದಿಲ್ಲ.

ಮಷೀನು ಕೆಲಸ ಮಾಡುವ ರೀತಿ ವಿಜ್ಞಾನ ವಿಭಾಗದವರಿಗೆ ಹೊಸದೇನಲ್ಲ. ಚಾವಿ ಕೊಟ್ಟಾಗ ಕಮಾನಿ ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ. ತಡೆಯುವವರಿಲ್ಲದಿದ್ದರೆ ಕ್ಷಣಗಳಲ್ಲಿ ಬಿಚ್ಚಿ ಖಾಲಿಯಾಗುತ್ತಿತ್ತು. ತಡೆಯುವುದು ಬ್ಯಾಲೆನ್ಸ್ ಗಾಲಿ ಮತ್ತು ಅದಕ್ಕೆ ಅಂಟಿದ ಕೂದಲೆಳೆಯಂಥ ಸ್ಪ್ರಿಂಗು. ಉಸ್ತಾದರ ಮಾತಿನಲ್ಲಿ ಇದು ಬಾಲ್ ಕಮಾನಿ. ಗಾಲಿ ಅತ್ತಿತ್ತ ತೂಗಿದಾಗಲೆಲ್ಲ ಒಂದು ಹಲ್ಲು ಮಾತ್ರ ಮುಂದೆ ಹೋಗಲು ಬಿಡುವು ಸಿಗುತ್ತದೆ. ನಾವು ಕೇಳುವ ಟಿಕ್ ಟಿಕ್ ಅದೇ. 0231ರ ಬಡಿತ ಗಂಟೆಗೆ 18,000, ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ದಿನಕ್ಕೆ ಅರ್ಧ ನಿಮಿಷ ತಪ್ಪಿದರೂ ದೋಷ ಶೇ. 0.035 ಮಾತ್ರ. ನಮ್ಮ ಲ್ಯಾಬಿನ ಲೋಲಕದಲ್ಲಿ ಇಷ್ಟು ಕಡಿಮೆ ದೋಷ ಯಾರಿಗೆ ಬಂದಿದೆ, ಹೇಳಿ!

‘17 ಜ್ಯುವೆಲ್ಸ್’ ಎಂದು ಬರೆದಿರುವುದನ್ನು ಕಂಡು ಹರಳು ಮಾರಬಹುದೇ ಎಂದು ಕೇಳುವವರಿದ್ದಾರೆ. ಅವು ಕಾರ್ಖಾನೆಯಲ್ಲಿ ತಯಾರಾದ ಮಾಣಿಕ್ಯ. ಗಾಲಿಗಳ ಅಚ್ಚು ಸವೆಯದಿರಲಿ ಎಂದು ಕೂರಿಸಿದ್ದು. ಮಾರಿದರೆ ಚಹಾದ ಕಾಸೂ ಹುಟ್ಟುವುದಿಲ್ಲ.

ಗಲ್ಫಿನಿಂದ ಬಂದ ಸೀಕೋ 5 ವಾಚುಗಳ ಕಥೆ ಬೇರೆ. ಅವಕ್ಕೆ ಚಾವಿ ಬೇಡ, ಕೈ ಆಡಿದರೆ ತಾವೇ ಸುತ್ತಿಕೊಳ್ಳುತ್ತವೆ. ಜೇವರ್ಗಿಯಲ್ಲಿರುವ ನಮ್ಮ ನಾನಾ ಅವರ ವಾಚಿನಲ್ಲಿ ವಾರದ ಹೆಸರು ಅರಬ್ಬಿಯಲ್ಲೂ ಬರುತ್ತದೆ. ಹಿಂದಿನ ಮುಚ್ಚಳದಲ್ಲಿ 7009 ಎಂಬ ಮಷೀನಿನ ಸಂಖ್ಯೆ, ಜೊತೆಗೆ ಆರು ಅಂಕಿಯ ಇನ್ನೊಂದು ಸಂಖ್ಯೆ ಇದೆ. ಆ ಕಾಲದ ಸೀಕೋಗಳಲ್ಲಿ ಇದರ ಮೊದಲ ಅಂಕಿ ಇಸವಿಯ ಕೊನೆಯದು, ಎರಡನೆಯದು ತಿಂಗಳು. ನಾನಾ ಅವರದ್ದು 84ರಿಂದ ಶುರು. ಅಂದರೆ ಎಂಟರಲ್ಲಿ ಮುಗಿಯುವ ವರ್ಷದ ಏಪ್ರಿಲ್. 1978ರದ್ದೋ 1988ರದ್ದೋ ಎಂಬುದನ್ನು ಸಂಖ್ಯೆ ಹೇಳುವುದಿಲ್ಲ, 7009 ಎರಡೂ ಕಾಲದಲ್ಲಿ ತಯಾರಾಗುತ್ತಿತ್ತು. ನಾನಿಯನ್ನು ಕೇಳಿದೆ. “ನಿಮ್ಮ ಅಮ್ಮಿ ಶಾಲೆಗೆ ಹೋಗ್ತಿದ್ಳು, ಆವಾಗ ಹೊಸಾದು ತಗೊಂಡು ಬಂದ್ರು” ಎಂದರು. ಅಮ್ಮಿ ಹುಟ್ಟಿದ್ದು 1980ರಲ್ಲಿ. ಆಮೇಲೆ ಮುಚ್ಚಳ ತೆಗೆಸಿ ನೋಡಿದಾಗ ಒಳಗೂ 7009 ಎಂದೇ ಇತ್ತು. ಮುಚ್ಚಳ ಒಂದು ವಾಚಿನದು, ಮಷೀನು ಇನ್ನೊಂದರದು ಆಗಿದ್ದರೆ ಈ ಲೆಕ್ಕವೆಲ್ಲ ನೀರಿಗೆ ಹೋಗುತ್ತಿತ್ತು. ಅದಕ್ಕೇ ಎರಡನ್ನೂ ಹೋಲಿಸಿ ನೋಡಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಂಪನಿ ಬರೆಯದ ಬರಹ. ರಿಪೇರಿ ಮಾಡಿದವರು ಮುಚ್ಚಳದ ಒಳಬದಿಯಲ್ಲಿ ಸೂಜಿಯ ಮೊನೆಯಿಂದ ತಾರೀಖೋ ಗುರುತೋ ಗೀಚಿರುತ್ತಾರೆ. ಬರಿಗಣ್ಣಿಗೆ ಕಾಣದು, ಬೆಳಕನ್ನು ಓರೆಯಾಗಿ ಹಿಡಿಯಬೇಕು. ಆಳಂದದ ನಿವೃತ್ತ ಮೇಷ್ಟ್ರೊಬ್ಬರ ಜನತಾದಲ್ಲಿ ಇಂಥ ನಾಲ್ಕು ಗುರುತುಗಳಿದ್ದವು. ಅದನ್ನು ತೆರೆದುಕೊಟ್ಟ ಹಿರಿಯ ರಿಪೇರಿಯವರು ಒಂದು ಉರ್ದು ಅಕ್ಷರದ ಮೇಲೆ ಬೆರಳಿಟ್ಟು ಸುಮ್ಮನಾದರು. “ಇದು ನಮ್ಮ ಉಸ್ತಾದರ ಕೈ” ಎಂದರು. ಆ ಉಸ್ತಾದರ ಫೋಟೊ ಕೂಡ ಇವರ ಬಳಿ ಇಲ್ಲವಂತೆ.

ಅಫಜಲಪುರದಲ್ಲಿ ನಾನು ಹುಡುಕಿಕೊಂಡು ಹೋದ ಒಂದು ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ತಂದೆಯ ಡಬ್ಬಿಗಳಲ್ಲಿದ್ದ ಹಳೆಯ ಮಷೀನುಗಳನ್ನೆಲ್ಲ ಮಗ ಹಿತ್ತಾಳೆಯ ಲೆಕ್ಕದಲ್ಲಿ ತೂಕಕ್ಕೆ ಹಾಕಿದ್ದರು. ಅವರನ್ನು ದೂರಲಾರೆ, ಕೇಳುವವರೇ ಇರಲಿಲ್ಲ. ಉಳಿದ ಮೂರು ತಾಲ್ಲೂಕಿನ ಅಂಗಡಿಗಳಲ್ಲಿ ನಾನು ಕಂಡ ರಿಪೇರಿಯವರಲ್ಲಿ ಒಬ್ಬರಿಗೂ ಶಿಷ್ಯರಿಲ್ಲ.

ನಿಮ್ಮ ಮನೆಯಲ್ಲೂ ವಾಚಿದ್ದರೆ ದಯವಿಟ್ಟು ಚಾಕುವಿನಿಂದ ಮುಚ್ಚಳ ಮೀಟಬೇಡಿ. ಒಂದು ಜಾರಿದ ಏಟಿಗೆ ಬಾಲ್ ಕಮಾನಿ ಹೋಗುತ್ತದೆ. ರಿಪೇರಿಯವರಿಂದಲೇ ತೆರೆಸಿ, ಫೋನನ್ನು ಅಲುಗಾಡಿಸದೆ ಮಷೀನಿನ ಫೋಟೊ ಒಂದು, ಮುಚ್ಚಳದ ಒಳಬದಿಯದು ಒಂದು ತೆಗೆಯಿರಿ. ಯಾರ ವಾಚು, ಎಲ್ಲಿ ಕೊಂಡದ್ದು, ಮದುವೆಗೋ ನೌಕರಿಗೋ ಎಂದು ಮನೆಯ ಹಿರಿಯರನ್ನು ಕೇಳಿ ಅವರ ಮಾತಿನಲ್ಲೇ ಬರೆದುಕೊಳ್ಳಿ. ನನ್ನ ನೋಟುಬುಕ್ಕು ಭೌತವಿಜ್ಞಾನ ಲ್ಯಾಬಿನ ಕಪಾಟಿನಲ್ಲಿದೆ. ಇಪ್ಪತ್ತನೆಯ ಪುಟ ಖಾಲಿ ಇದೆ.